ಕುದುರೆ ಲಾಯದವನೂ ಏಸಿ ರಿಪೇರಿಯವನೂ

ಅಮೆರಿಕದ ಜಾರ್ಜಿಯಾದಲ್ಲಿ, ಅಟ್ಲಾಂಟಾ ಹತ್ತಿರದ ಕಮ್ಮಿಂಗ್ ಎಂಬ ಊರಿನಲ್ಲಿ, ನಮ್ಮ ಬೀದಿಯ ಕನ್ನಡತಿಯರೆಲ್ಲ ಸೇರಿ ಹಳೇ ಇಂಗ್ಲಿಷ್ ಪ್ರೇಮ ಕಾದಂಬರಿ ಓದಲು ಶುರುಮಾಡಿದಾಗಿನಿಂದ ನಗು ಬರುವ ಪ್ರಸಂಗಗಳಿಗೆ ಬರವಿಲ್ಲ. ನಕ್ಕಾದ ಮೇಲೆ ಅಳುವೂ ಬರುತ್ತದೆ, ಅದು ಬೇರೆ ಮಾತು.

೧. ವರನ ವಿಚಾರಣೆ

ಲಾಕ್‌ಡೌನ್ ಕಾಲಕ್ಕೆ ಜೂಮ್‌ನಲ್ಲಿ ಹುಟ್ಟಿದ ಕ್ಲಬ್ಬು ಇದು. ಅಧ್ಯಕ್ಷೆ ನನ್ನ ಪಕ್ಕದ ಮನೆಯ ಗೆಳತಿ. ಹತ್ತೊಂಬತ್ತನೇ ಶತಮಾನದ ಪುಸ್ತಕಗಳೇ ಆಗಬೇಕೆಂದು ಹಟ ಹಿಡಿದವಳೂ ಅವಳೇ. ಮೊದಲ ಕಾದಂಬರಿಯಲ್ಲಿ ಜಮೀನ್ದಾರನ ಮಗಳು ಕುದುರೆ ಲಾಯದ ಹುಡುಗನನ್ನು ಪ್ರೀತಿಸುತ್ತಾಳೆ. ಅಪ್ಪ ಅವಳನ್ನು ಮನೆಯಿಂದ ಹೊರಗೆ ಹಾಕುವ ಪುಟ ಬಂದಾಗ ಅಧ್ಯಕ್ಷೆ ಗಳಗಳನೆ ಅತ್ತುಬಿಟ್ಟಳು.

"ಎಂಥಾ ಕಲ್ಲು ಮನಸ್ಸು ರೀ ಈ ಅಪ್ಪಂದು! ಹೆತ್ತ ಮಗಳಲ್ವಾ?"

ನಾವೂ ಮೂಗು ಒರೆಸಿಕೊಂಡೆವು. ಮೂಲೆಯ ಮನೆಯಾಕೆ ಮಾತ್ರ ಮ್ಯೂಟ್ ತೆಗೆದು ಕೇಳಿದಳು: "ಹುಡುಗ ಇಂಗ್ಲೆಂಡ್ ಸಿಟಿಜನ್ ತಾನೇ? ಮತ್ತೇನಂತೆ ಪ್ರಾಬ್ಲಮ್ಮು?"

೨. ಕೊನೆಯ ಅಧ್ಯಾಯದ ಅಂಕಲ್

ಅಧ್ಯಕ್ಷೆಗೆ ಒಬ್ಬಳೇ ಮಗಳು, ಅಟ್ಲಾಂಟಾದಲ್ಲಿ ವಕೀಲೆ. ಒಂದು ಭಾನುವಾರ ಬಂದು, ತಾನು ಇಲ್ಲಿಯವನೇ ಆದ ಅಮೆರಿಕನ್ ಹುಡುಗನೊಬ್ಬನನ್ನು ಮದುವೆಯಾಗುವುದಾಗಿ ಹೇಳಿದಳು. ಹುಡುಗನ ಕೆಲಸ ಏಸಿ ರಿಪೇರಿ.

"ಕಂಪನಿ ಅವನದಾ?" ಎಂದಳು ತಾಯಿ, ಆಸೆಯಿಂದ.

"ನೋ ಅಮ್ಮ. ವ್ಯಾನ್ ಕೂಡ ಕಂಪನೀದೇ."

ಅಧ್ಯಕ್ಷೆ ಅವನ ಫೋಟೋ ಕೂಡ ನೋಡಲಿಲ್ಲ. "ಅವನು ಈ ಮನೆ ಹೊಸಿಲು ತುಳಿದರೆ ನಾನಿರಲ್ಲ," ಎಂದಳು. "ಕುದುರೆ ಲಾಯದವನಿಗೆ ಅತ್ತವಳು ನೀನೇ ಅಲ್ವೇನೇ?" ಎಂದು ನಾನು ಕೇಳಿದ್ದಕ್ಕೆ ಸಿಡಿದುಬಿದ್ದಳು.

"ಅವನಿಗೆ ಕೊನೇ ಚಾಪ್ಟರಲ್ಲಿ ಅಂಕಲ್ ಸತ್ತು ಎಸ್ಟೇಟ್ ಬರತ್ತೆ ಕಣೇ! ಇವನಿಗೆ ಅಂಥ ಅಂಕಲ್ ಇದಾನಾ?"

೩. ನೆರಿಗೆ

ಮದುವೆ ಕೋರ್ಟ್‌ಹೌಸಿನಲ್ಲಾಯಿತು. ನಮ್ಮ ಬೀದಿಯಿಂದ ಹೋದವಳು ನಾನೊಬ್ಬಳೇ. ಹುಡುಗ ಬಿಳಿ ಪಂಚೆ ಉಡಲು ಹೋಗಿ, ಬೆಲ್ಟ್ ಬಿಗಿದುಕೊಂಡು ಬಂದಿದ್ದ. ನನಗೆ ಅವನು ಅಲ್ಲೇ ಇಷ್ಟವಾಗಿಬಿಟ್ಟ.

ಮರುದಿನ ಅಧ್ಯಕ್ಷೆ ಬೇಲಿಯಾಚೆ ನಿಂತು, ಗಿಡಕ್ಕೆ ನೀರು ಹಾಕುತ್ತಾ, ನನ್ನ ಮುಖ ನೋಡದೆ ಕೇಳಿದಳು: "ಸೀರೆ ಉಟ್ಟಿದ್ಲಾ?"

"ಉಟ್ಟಿದ್ಲು. ನಿಂದೇ, ಹಸಿರು ಮೈಸೂರು ಸಿಲ್ಕು."

"ನೆರಿಗೆ?"

"ಸೊಟ್ಟಗಿತ್ತು."

ಅಧ್ಯಕ್ಷೆ ಅಲ್ಲೇ ಕುಳಿತು ಅತ್ತಳು. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು, "ಮಗಳಿಗೋಸ್ಕರ ಅಳ್ತಿಲ್ಲ ಕಣೇ. ನೆರಿಗೆಗೆ," ಎಂದಳು.

೪. ಮಜ್ಜಿಗೆ

ತಾಯಿ ಮಗಳಿಗೆ ಮಾತಿಲ್ಲದೆ ಎರಡು ವರ್ಷ ಕಳೆಯಿತು. ಕಳೆದ ಜುಲೈನಲ್ಲಿ ಅಧ್ಯಕ್ಷೆಯ ಮನೆಯಲ್ಲೇ ಕ್ಲಬ್ಬು, ಅದೇ ದಿನ ಏಸಿ ಕೆಟ್ಟಿತು. ನಾವು ಬಡ ಪ್ರೇಮಿಗಳ ಪುಸ್ತಕದಿಂದಲೇ ಗಾಳಿ ಬೀಸಿಕೊಳ್ಳುತ್ತಾ ಕುಳಿತಿದ್ದಾಗ ರಿಪೇರಿಯವನು ಬಂದ. ಬೆಲ್ಟ್ ಬಿಗಿದು ಪಂಚೆ ಉಟ್ಟಿದ್ದವನೇ! ನಾನು ಬಾಯಿ ತೆರೆದೆ. ಹೇಳಬೇಡಿ ಎನ್ನುವಂತೆ ಅವನು ಮೆಲ್ಲಗೆ ತಲೆಯಾಡಿಸಿದ.

ಅಧ್ಯಕ್ಷೆಗೇನು ಗೊತ್ತು? ಅವನ ಕೆಲಸ ಮುಗಿದು ತಣ್ಣನೆ ಗಾಳಿ ಬಂದದ್ದೇ ಖುಷಿಯಾಗಿ ಮಜ್ಜಿಗೆ ತಂದುಕೊಟ್ಟಳು. ನಮಗೆಲ್ಲ ಸ್ಟೀಲ್ ಲೋಟ. ಅವನಿಗೆ ಪೇಪರ್ ಕಪ್. ನಮ್ಮ ಮನೆಗಳಲ್ಲಿ ಕೆಲಸಕ್ಕೆ ಬಂದವರಿಗೆಲ್ಲ ಅದೇ. ಇದನ್ನು ಯಾರೂ ನಮಗೆ ಹೇಳಿಕೊಟ್ಟಿಲ್ಲ, ಕೈ ತಾನಾಗಿ ಅದನ್ನೇ ಹುಡುಕುತ್ತದೆ.

ಅವನು ಗಟಗಟ ಕುಡಿದು, ಕಪ್ ಕೆಳಗಿಳಿಸಿ, ಒಡೆದ ಕನ್ನಡದಲ್ಲಿ ಹೇಳಿದ: "ತುಂಬಾ ಚೆನ್ನಾಗಿದೆ, ಅತ್ತೆ. ಉಪ್ಪು ಸ್ವಲ್ಪ ಕಮ್ಮಿ."

ನಮ್ಮ ಲೋಟಗಳೆಲ್ಲ ಬಾಯಿಯ ಹತ್ತಿರವೇ ನಿಂತವು. ಖಾಲಿ ಕಪ್ ಕೈಯಲ್ಲೇ ಹಿಡಿದು ಅವನು ಬಾಗಿಲು ದಾಟಿ ಹೋದ. ಅಧ್ಯಕ್ಷೆ ಕಿಟಕಿಯತ್ತ ನೋಡಿದಳು. ಹೊರಗೆ ವ್ಯಾನಿನ ಮುಂದಿನ ಸೀಟಿನಲ್ಲಿ ಮಗಳು ಕುಳಿತಿದ್ದಳು. ತವರಿನ ವಿಳಾಸ ಕಂಡು ಅವಳೂ ಗಂಡನ ಜೊತೆ ಬಂದಿರಬೇಕು.

ಮಗಳ ಹಳೇ ಸ್ಟೀಲ್ ಲೋಟಕ್ಕೆ ಮಜ್ಜಿಗೆ ತುಂಬಿಸಿಕೊಂಡು ಅಧ್ಯಕ್ಷೆ ಬರಿಗಾಲಲ್ಲಿ ಓಡಿದಳು. ನಾನೂ ಹಿಂದೆಯೇ ಓಡಿದೆ. ಮಗಳು ಗಾಜು ಇಳಿಸಿ ಲೋಟ ನೋಡಿದಳು. ಅವಳ ಕಣ್ಣು ತುಂಬಿತ್ತು.

"ಅವನಿಗೆ ಪೇಪರ್ ಕಪ್, ನಂಗೆ ಇದಾ ಅಮ್ಮ? ನಂಗೂ ಪೇಪರ್ ಕಪ್ಪಲ್ಲೇ ಕೊಡು."

ಅಧ್ಯಕ್ಷೆ ತಿರುಗಿ ಮನೆಯೊಳಗೆ ಓಡಿದಳು. ಅಳಿಯನಿಗೂ ಒಂದು ಸ್ಟೀಲ್ ಲೋಟ ತರುತ್ತಾಳೆಂದುಕೊಂಡು ನಾನು ವ್ಯಾನಿನ ಬಾಗಿಲು ಹಿಡಿದು, "ಇರು ಪುಟ್ಟಾ, ಒಂದೇ ನಿಮಿಷ," ಎಂದು ಅಂಗಲಾಚಿದೆ. ಮಗಳು ಕಾದಳು. ಅವಳಿಗೂ ಅದೇ ಆಸೆ.

ಏದುಸಿರು ಬಿಡುತ್ತಾ ಬಂದ ಅಧ್ಯಕ್ಷೆಯ ಕೈಯಲ್ಲಿ ಪೇಪರ್ ಕಪ್ ಇತ್ತು.

ಗಾಜು ಮೇಲೇರಿತು, ವ್ಯಾನ್ ಹೊರಟಿತು. ಬಿಸಿಲಿಗೆ ಕಾದ ಡ್ರೈವ್‌ವೇ ಮೇಲೆ ಬರಿಗಾಲಲ್ಲಿ ನಿಂತು ಅಧ್ಯಕ್ಷೆ ನನ್ನನ್ನು ಕೇಳಿದಳು:

"ಅವಳು ಕೇಳಿದ್ದನ್ನೇ ತಂದೆನಲ್ಲೇ, ಉಪ್ಪು ಕೂಡ ಹಾಕ್ಕೊಂಡು! ಮತ್ಯಾಕೆ ಹೋದ್ಲು?"