ಆನೆ ಓಡಿಸುವ ಪೈಪು

ಪಟಾಕಿ ಮದ್ದಿನ ಜೊತೆ ಒಡನಾಟ ಇಟ್ಟುಕೊಂಡವನಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ಆದರೆ ನಗು ಬರುವುದು ಎಲ್ಲ ಮುಗಿದು, ಹೊಗೆ ಇಳಿದು, ಕೈಕಾಲು ಮುಟ್ಟಿ ನೋಡಿಕೊಂಡ ಮೇಲೆ. ನಾನು ನೀಲಗಿರಿ ತಪ್ಪಲಿನ ಮಸಿನಗುಡಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದವನು. ಗೇಟು, ಕಿಟಕಿ ಗ್ರಿಲ್ಲು, ಜೀಪಿನ ಮೇಲಿನ ಕ್ಯಾರಿಯರ್ರು, ಇಷ್ಟೇ ನನ್ನ ವಿದ್ಯೆ. ಪಟಾಕಿ ಹಾರಿಸುವ ಸಾಮಾನು ಮಾಡಬೇಕೆಂದು ನಾನು ಕನಸು ಕಂಡವನಲ್ಲ, ಯಾರ ಹತ್ತಿರವೂ ಅರ್ಜಿ ಹಾಕಿದವನೂ ಅಲ್ಲ. ಅದು ತಾನಾಗಿ ಬಂದು ನನ್ನ ಕೊರಳಿಗೆ ಬಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮೂರಿಗೆ ಒಂದು ಒಂಟಿ ಗಂಡಾನೆ ಬರಲು ಶುರುವಾಯಿತು. ಯಾವುದೋ ಜಗಳದಲ್ಲಿ ಅದರ ಬಾಲ ತುಂಡಾಗಿತ್ತು. ಊರವರು ಮೋಟ ಎಂದು ಹೆಸರಿಟ್ಟರು. ನಗಿಸುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆನೆಯ ಭಯ ತಮಾಷೆಯಲ್ಲ. ಆನೆ ತುಳಿದವರ ಹೆಣಕ್ಕೆ ಹೆಗಲು ಕೊಟ್ಟವನು ನಾನು. ಮೋಟ ಯಾರನ್ನೂ ಮುಟ್ಟಿರಲಿಲ್ಲ, ಆದರೂ ಸಂಜೆಯಾದರೆ ಹೆಂಗಸರು ನೀರಿಗೆ ಹೋಗಲು ಹೆದರುತ್ತಿದ್ದರು.

ಹಾರಿದ್ದು ಯಾವುದು

ಆಗ ಆನೆ ಓಡಿಸುವುದೆಂದರೆ ಗರ್ನಾಲು ಪಟಾಕಿಯ ಬತ್ತಿಗೆ ಕಿಡಿ ಮುಟ್ಟಿಸಿ ಕೈಯಲ್ಲೇ ಎಸೆಯುವುದು. ಫಾರೆಸ್ಟ್ ಗಾರ್ಡು ಒಬ್ಬ ತಮಿಳಿನವನು, ಕೆಳಗಿನ ಬಯಲಿನಿಂದ ಬಂದವನು, ಹೊಸದಾಗಿ ಮದುವೆಯಾದವನು. ಒಂದು ದಿನ ಬತ್ತಿ ಅವಸರ ಮಾಡಿತು, ಅವನು ನಿಧಾನ ಮಾಡಿದ. ಬಲಗೈ ಅಂಗೈಯ ಚರ್ಮವೇ ಎದ್ದು ಹೋಯಿತು. ಹೋಟೆಲಿನಲ್ಲಿ ಅವನು ಎಡಗೈಯಲ್ಲಿ ಚಮಚ ಹಿಡಿದು ಸಾಂಬಾರ್ ಅನ್ನ ತಿನ್ನುವುದನ್ನು ನಾನೇ ನೋಡಿದೆ.

ಮರುದಿನ ರೇಂಜರ್ ಸಾಹೇಬರು ಅಂಗಡಿಗೆ ಬಂದರು. "ಕೈಯಲ್ಲಿ ಎಸೆಯೋದು ಬೇಡ. ದೂರದಿಂದ ಹಾರಿಸೋ ಹಾಗೆ ಒಂದು ಪೈಪು ಮಾಡಿಕೊಡು" ಎಂದರು.

"ನಂಗೆ ಬರಲ್ಲ ಸಾರ್."

"ಗೇಟು ಮಾಡ್ತೀಯ, ಪೈಪು ಬರಲ್ವ?"

ಗೇಟು ಎಲ್ಲಿಗೂ ಹಾರುವುದಿಲ್ಲ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಗಾರ್ಡಿನ ಕೈ ಕಣ್ಣ ಮುಂದಿತ್ತು. ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ತೆಳು ತಗಡಿನ ಪೈಪೊಂದನ್ನು ಕೊಯ್ದು, ಕಾಲು ಕೂಡಿಸಿ, ಹಸಿರು ಬಣ್ಣ ಬಳಿದೆ. ಸಾಹೇಬರು ಗೂಡಲೂರಿನ ಪಟಾಕಿ ಅಂಗಡಿಯಿಂದ, ಮೇಲೆ ಹೋಗಿ ಸಿಡಿಯುವ ಗುಂಡುಗಳನ್ನು ತರಿಸಿದರು. ಆಫೀಸಿನ ಮುಂದಿನ ಬಯಲಲ್ಲಿ ಪರೀಕ್ಷೆ. ಗುಂಡು ಪೈಪಿನೊಳಗೆ ಸ್ವಲ್ಪ ಬಿಗಿಯಾಗಿತ್ತು. ಬಿಗಿಯಾಗಿದ್ದರೆ ಒಳ್ಳೆಯದೇ ಎಂದುಕೊಂಡೆ. ಬತ್ತಿ ಹಚ್ಚಿ ಎಲ್ಲರೂ ಓಡಿ ಜೀಪಿನ ಹಿಂದೆ ಅಡಗಿದೆವು. ಡಂ ಎಂದಿತು. ತಲೆಯೆತ್ತಿ ನೋಡಿದರೆ ಗುಂಡು, ಪೈಪು, ಕಾಲು ಎಲ್ಲ ಸಂಸಾರ ಸಮೇತ ಆಕಾಶದಲ್ಲಿವೆ! ಗುಂಡು ಮೇಲೆ ಸಿಡಿಯಿತು. ಪೈಪು ಆಫೀಸಿನ ಹೆಂಚಿನ ಮೇಲೆ ಇಳಿಯಿತು.

ರೇಂಜರ್ ಸಾಹೇಬರು ಟೋಪಿ ತೆಗೆದು ಬಹಳ ಗಂಭೀರವಾಗಿ ಹೇಳಿದರು: "ನಾನು ಕೇಳಿದ್ದು ಪಟಾಕಿ ಹಾರಿಸೋ ಸಾಮಾನು ಕಣಯ್ಯ. ನೀನು ಸಾಮಾನನ್ನೇ ಹಾರಿಸಿಬಿಟ್ಟೆ."

ಊಟದ ಗಂಟೆ

ಎರಡನೆಯ ಪೈಪು ದಪ್ಪ ಕಬ್ಬಿಣದ್ದು, ಇಬ್ಬರು ಹೊರಬೇಕು. ಅದು ಹಾರಲಿಲ್ಲ. ಗುಂಡು ಹಾರಿತು, ಸದ್ದೂ ಆಯಿತು. ಮೋಟ ಮೊದಲ ವಾರ ಕಿವಿ ಅಗಲಿಸಿ ಹಿಂದೆ ಸರಿದ. ಊರವರು ನನಗೆ ಟೀ ಕುಡಿಸಿದರು. ನಾನೂ ಎದೆ ಸೆಟೆಸಿ ಓಡಾಡಿದೆ.

ಆಮೇಲೆ ಮೋಟ ಕೂತು ಯೋಚನೆ ಮಾಡಿರಬೇಕು. ಈ ಜನ ಸದ್ದು ಮಾಡುವುದು ಎಲ್ಲಿ? ಎಲ್ಲಿ ಬಾಳೆ ಬಲಿತಿದೆಯೋ ಅಲ್ಲಿ, ಎಲ್ಲಿ ಹಲಸು ಹಣ್ಣಾಗಿದೆಯೋ ಅಲ್ಲಿ. ಖಾಲಿ ಜಾಗದಲ್ಲಿ ಯಾರಾದರೂ ಗರ್ನಾಲು ಹೊಡೆಯುತ್ತಾರೆಯೇ? ಅಲ್ಲಿಂದ ಮುಂದೆ ಸದ್ದು ಕೇಳಿದ ಕಡೆಗೇ ಬರತೊಡಗಿದ. ಶಾಲೆಯ ಪಕ್ಕದ ಒಬ್ಬ ಯಜಮಾನರ ಹಿತ್ತಲಿಗೆ ಮೋಟ ಒಂದು ದಿನವೂ ಹೋದವನಲ್ಲ. ಅವರು ಮುಂಜಾಗ್ರತೆ ಎಂದು ನಮ್ಮನ್ನು ಕರೆಸಿ ಒಂದು ಗುಂಡು ಹಾರಿಸಿಕೊಂಡರು. ಬೆಳಗಾಗುವಷ್ಟರಲ್ಲಿ ಹಲಸಿನ ಮರದಲ್ಲಿ ಎಲೆ ಮಾತ್ರ ಉಳಿದಿತ್ತು. ಯಜಮಾನರು ಅಂಗಡಿಗೇ ಬಂದು ನಿಂತು, "ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡ. ಇದು ಓಡಿಸೋ ಪೈಪೋ, ಕರೆಯೋ ಪೈಪೋ?" ಎಂದರು.

ನಗೆಯ ಹಿಂದೆಯೇ ಕೆಟ್ಟ ಸುದ್ದಿ ಬಂತು. ಆ ತಿಂಗಳೇ ಮೋಟ ರೇಷನ್ ಅಂಗಡಿಯ ಹಿಂಗೋಡೆ ತಳ್ಳಿ ಅಕ್ಕಿ ತಿಂದ. ರೇಂಜರ್ ಸಾಹೇಬರು ಊರವರನ್ನು ಸೇರಿಸಿ ಹೇಳಿದರು: "ಮೇಲಿನವರು ತೀರ್ಮಾನ ಮಾಡಿದ್ದಾರೆ. ಇನ್ನೊಂದು ಗೋಡೆ ಬಿದ್ದರೆ ಮೋಟನ್ನ ಹಿಡೀತಾರೆ. ಮತ್ತಿನ ಮದ್ದು ಕೊಟ್ಟು ಕೆಡವಿ, ಮರದ ದೊಡ್ಡಿಗೆ ಹಾಕಿ, ಪಳಗಿಸ್ತಾರೆ. ಮತ್ತೆ ಕಾಡಿಲ್ಲ ಅವನಿಗೆ."

ಕೆಲವರು ಒಳ್ಳೆಯದಾಯಿತು ಎಂದರು. ತಪ್ಪೆನ್ನಲು ಆಗುವುದಿಲ್ಲ. ಆದರೆ ನಮ್ಮ ಅತ್ತಿಗೆ ಊಟ ಬಿಟ್ಟು ಕೂತರು. ಅಣ್ಣ ಹೋದ ಮೇಲೆ ಅವರು ಒಬ್ಬರೇ. ಹಗಲು ರೆಸಾರ್ಟಿನಲ್ಲಿ ಅಡುಗೆ ಕೆಲಸ. ಊರಿನ ಕಟ್ಟಕಡೆಯ ಮನೆ ಅವರದು, ಬೇಲಿ ದಾಟಿದರೆ ಕಾಡು. ಮೋಟ ದಿನವೂ ಅವರ ಬೇಲಿಯಾಚೆ ನಿಂತೇ ಊರನ್ನು ನೋಡುತ್ತಿದ್ದ. ಮುಂದಿನ ಗೋಡೆ ಯಾರದೆಂದು ಹೇಳಲು ಶಾಸ್ತ್ರ ಕೇಳಬೇಕಾಗಿರಲಿಲ್ಲ.

"ಗೋಡೆ ಬಿದ್ರೆ ಕಟ್ಕೋಬೋದು ಕನಪ್ಪ" ಎಂದರು ಅತ್ತಿಗೆ. "ನನ್ನ ಮನೆ ದೆಸೆಯಿಂದ ಅಂವನ ಕಾಲಿಗೆ ಸರಪಳಿ ಬಿದ್ರೆ ಆ ಪಾಪಾನ ಯಾರು ತೊಳೆಯೋದು? ನೀನು ಏನಾರ ಮಾಡು, ಅಂವನ್ನ ಓಡ್ಸು."

"ಪೈಪಿಗೆ ಅವನು ಹೆದರಲ್ಲ ಅತ್ತಿಗೆ."

"ಹೆದರೋ ಅಂಥದ್ದು ಮಾಡು. ಕಬ್ಬಿಣ ಕಾಸೋನು ನೀನಾ ನಾನಾ?"

ಮೋರಿಯೊಳಗೆ

ಗುಂಡು ಆನೆಯಿಂದ ದೂರದಲ್ಲೇ ಸಿಡಿಯುತ್ತಿದೆ, ಅದಕ್ಕೇ ಹೆದರಿಕೆ ಹೋಗಿದೆ ಎಂದು ನಾವೆಲ್ಲ ಲೆಕ್ಕ ಹಾಕಿದೆವು. ಇನ್ನೂ ದೂರಕ್ಕೆ ಹೋಗುವಂತೆ ಉದ್ದನೆಯ ಪೈಪು ಮಾಡಿದೆ. ಕೆರೆಯ ಹತ್ತಿರ ಮೋಟ ನೀರು ಕುಡಿಯುತ್ತಿದ್ದಾಗ ಪರೀಕ್ಷೆ. ರೇಂಜರ್ ಸಾಹೇಬರು, ಗಾರ್ಡು, ನಾನು, ಮೂವರೇ. ನಮ್ಮ ಹಿಂದೆ ರಸ್ತೆ, ರಸ್ತೆಯ ಕೆಳಗೊಂದು ಮೋರಿ.

ಗುಂಡು ಹೊರಟಿತು. ಎಷ್ಟು ಚೆನ್ನಾಗಿ ಹೋಯಿತೆಂದರೆ ಮೋಟನ ತಲೆಯ ಮೇಲೆ ಹಾದು, ಬೆನ್ನ ಹಿಂದೆ ಹೋಗಿ, ಅಲ್ಲಿ ಸಿಡಿಯಿತು. ಬೆನ್ನ ಹಿಂದೆ ಸದ್ದಾದರೆ ಯಾರೇ ಆಗಲಿ ಯಾವ ಕಡೆ ಓಡುತ್ತಾರೆ? ಮೋಟ ಸೊಂಡಿಲು ಮಡಚಿಕೊಂಡು ನೇರ ನಮ್ಮ ಕಡೆಗೆ ಬಂದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ!

ಮೂವರೂ ಮೋರಿಯೊಳಗೆ ನುಗ್ಗಿದೆವು. ರೇಂಜರ್ ಸಾಹೇಬರದು ಭಾರದ ಶರೀರ, ಪೂರ್ತಿ ಒಳಗೆ ಬರಲಾಗದೆ ಬಾಯಲ್ಲೇ ಸಿಕ್ಕಿಕೊಂಡರು. ಮೋಟ ಬಂದು ಸರಿಯಾಗಿ ನಮ್ಮ ಮೇಲೆ, ರಸ್ತೆಯಲ್ಲಿ ನಿಂತ. ಅವನ ಉಸಿರು ಕೇಳುತ್ತಿತ್ತು. ನನ್ನ ಹೆಂಡತಿ ಮಕ್ಕಳು, ಮನೆದೇವರು, ಎಲ್ಲರೂ ನೆನಪಾದರು. ಅಷ್ಟರಲ್ಲಿ ಮೋರಿಯ ಬಾಯಿಗೆ ಮೇಲಿಂದ ಧೋ ಎಂದು ನೀರು ಸುರಿಯಿತು.

"ಮಳೆ ಬಂತಾ?" ಎಂದು ರೇಂಜರ್ ಸಾಹೇಬರು ಪಿಸುಗುಟ್ಟಿದರು.

ಗಾರ್ಡು ಕೈಚಾಚಿ ನೋಡಿ ವಿನಯದಿಂದ ಹೇಳಿದ: "ಇಲ್ಲ ಸಾರ್. ಬಿಸಿ ಇದೆ."

ಗಾರ್ಡಿನ ಉಪಾಯ

ಮೋಟ ಹೊರಟುಹೋದ ಮೇಲೆ, ಬಟ್ಟೆ ಒಣಗುವವರೆಗೆ ಬೆಂಕಿಯ ಮುಂದೆ ಕೂತಿದ್ದಾಗ ಗಾರ್ಡಿಗೆ ಹೊಳೆಯಿತು. "ಅಣ್ಣಾ, ನಮಗೂ ಅವನಿಗೂ ನಡುವೆ ಸಿಡಿದರೆ ಮೋಟ ಊಟಕ್ಕೆ ಬರ್ತಾನೆ. ಅವನನ್ನ ದಾಟಿ ಆಚೆ ಸಿಡಿದರೆ ಮಾತ್ರ ಓಡ್ತಾನೆ. ಹಾಗಾದರೆ ಅವನು ಊರಿನ ಅಂಚಿಗೆ ಬಂದಾಗ ನಾವು ಕಾಡಿನ ಕಡೆ ಹೋಗಿ ನಿಲ್ಲೋಣ. ಅಲ್ಲಿಂದ ಊರಿನ ಕಡೆಗೆ ಹಾರಿಸೋಣ. ಗುಂಡು ಊರಿನ ಕಡೆ ಸಿಡಿಯುತ್ತೆ, ಅವನು ಕಾಡಿನ ಕಡೆ ಓಡ್ತಾನೆ."

"ಕಾಡಿನ ಕಡೆ ನಾವಿರ್ತೀವಲ್ಲಪ್ಪ?"

"ಹೌದಣ್ಣಾ. ನಮ್ಮ ಕಡೆಗೇ ಓಡಿ ಬರ್ತಾನೆ."

ಲೆಕ್ಕದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಅದೇ ನನಗೆ ಅಳು ಬರಿಸಿತು. ರೇಂಜರ್ ಸಾಹೇಬರು ಒದ್ದೆ ಟೋಪಿ ಹಿಂಡುತ್ತಾ ತಲೆದೂಗಿದರು. "ಒಳ್ಳೇ ಉಪಾಯ. ನೀವಿಬ್ಬರೂ ಕಾಡಿನ ಕಡೆ ನಿಲ್ಲಿ. ಊರಿನ ಕಡೆ ಹೇಗಾದರೂ ಮಾಡಿ ನಾನು ನೋಡ್ಕೋತೀನಿ."

ಹಿಡಿಯಲು ಬಂದವನು

ಅಷ್ಟರಲ್ಲಿ ಮೇಲಿನಿಂದ ದೊಡ್ಡ ಸಾಹೇಬರೇ ಬಂದುಬಿಟ್ಟರು. ಜೊತೆಗೆ ಆನೆ ಕ್ಯಾಂಪಿನಿಂದ, ಕಾಡಾನೆ ಹಿಡಿಯಲೆಂದೇ ಪಳಗಿಸಿದ ಒಂದು ದೊಡ್ಡ ಕುಮ್ಕಿ ಆನೆ. ಮೊದಲು ಮೋಟನನ್ನು ಬೆದರಿಸಿ ಅಟ್ಟುವುದು, ಗೋಡೆ ಮುಟ್ಟಿದರೆ ಹಿಡಿಯುವುದು. ಕುಮ್ಕಿಯನ್ನು ಅತ್ತಿಗೆಯ ಹಿತ್ತಲಲ್ಲಿ, ಅಡುಗೆಮನೆಯ ಪಕ್ಕದ ಹುಣಸೆಮರಕ್ಕೆ ಕಟ್ಟಿದರು. ಅತ್ತಿಗೆಯನ್ನು ಪಕ್ಕದ ಮನೆಗೆ ಹೋಗಿರಲು ಹೇಳಿದ್ದರು.

ಸಂಜೆ ಬೆಳಕಿರುವಾಗಲೇ ಮೋಟ ಬೇಲಿಯಾಚೆ ಬಂದು ನಿಂತ. ಇದೊಂದು ಸಲ ಪೈಪು ನೋಡೋಣ ಎಂದು ರೇಂಜರ್ ಸಾಹೇಬರು ದೊಡ್ಡವರ ಅಪ್ಪಣೆ ಪಡೆದರು. ನಾನೂ ಗಾರ್ಡೂ ಸುತ್ತಿ ಬಂದು ಕಾಡಿನ ಕಡೆ, ಅರ್ಧ ಮುಚ್ಚಿಹೋಗಿದ್ದ ಆನೆ ಕಂದಕದ ಬದಿಗೆ ಪೈಪು ಊರಿದೆವು. ಇದು ತಪ್ಪಿದರೆ ಮೋಟನಿಗೆ ಸರಪಳಿ, ಅತ್ತಿಗೆಗೆ ಕೊನೆಯವರೆಗೂ ಕೊರಗು.

ಬತ್ತಿ ಹಚ್ಚಿ ಕಂದಕಕ್ಕೆ ಹಾರಿದೆವು. ಗುಂಡು ಮೋಟನನ್ನು ದಾಟಿತು. ಸರಿ. ಬೇಲಿ ದಾಟಿತು. ಅದೂ ಸರಿ. ಹುಣಸೆಮರವನ್ನೂ ದಾಟಿ, ಕುಮ್ಕಿಯ ಬೆನ್ನ ಹಿಂದೆ ಸಿಡಿಯಿತು.

ಮೋಟ ಅಲ್ಲಾಡಲಿಲ್ಲ. ಕುಮ್ಕಿ ಘೀಳಿಟ್ಟು ಸರಪಳಿ ಹರಿದು ತಿರುಗಿತು. ತಿರುಗುವಾಗ ಅದರ ಪಕ್ಕೆ ತಾಗಿ ಅಡುಗೆಮನೆಯ ಗೋಡೆ ದಬದಬ ಉರುಳಿತು. ಅಯ್ಯೋ, ಅತ್ತಿಗೆ ಒಳಗೆ ಬಂದಿದ್ದರೆ! ಪಕ್ಕದ ಜಗಲಿಯಿಂದ ಅವರು ಬೈಯುವ ದನಿ ಕೇಳಿದ ಮೇಲೆಯೇ ನಾನು ಉಸಿರು ಬಿಟ್ಟದ್ದು. ಕುಮ್ಕಿ ಬೇಲಿ ಮುರಿದು ನೇರ ಕಾಡಿನ ಕಡೆ ಬಂತು. ಅದರ ಕೊರಳ ಮೇಲಿದ್ದ ಮಾವುತ ಒಂದು ಕೊಂಬೆ ಹಿಡಿದು ಅಲ್ಲೇ ಜೋತುಬಿದ್ದ. ತನ್ನ ಎರಡರಷ್ಟಿದ್ದ ಆನೆ ಮೈಮೇಲೆ ಬರುವುದನ್ನು ಕಂಡು ಮೋಟನೂ ಹಿಂತಿರುಗಿ ಓಟ ಕಿತ್ತ. ಒಂದರ ಹಿಂದೆ ಒಂದು, ಎರಡೂ ನಮ್ಮ ಪಕ್ಕದಲ್ಲೇ ಕಂದಕ ದಾಟಿ ಪೊದೆಗಳಲ್ಲಿ ಮರೆಯಾದವು.

ಮಾವುತ ಕೆಳಗಿಳಿದು ನೆಲದ ಮೇಲೆ ಕೂತು ಅತ್ತ. "ಇಷ್ಟು ವರ್ಷ ನನ್ನ ಮಾತು ಮೀರಿದವನಲ್ಲ ಸಾರ್" ಎಂದ. ದೊಡ್ಡ ಸಾಹೇಬರು ವೈರ್‌ಲೆಸ್ ಕೈಗೆತ್ತಿಕೊಂಡರು. ಏನೆಂದು ಹೇಳುತ್ತಾರೆ, ಪಾಪ? ಆನೆ ಹಿಡಿಯಲು ತಂದ ಆನೆಯನ್ನು ಹಿಡಿಯಲು ಇನ್ನೊಂದು ಆನೆ ಕಳಿಸಿ ಎಂದು ಕೊನೆಗೆ ಅವರೇ ಕೇಳಬೇಕಾಯಿತು.

ಗೋಡೆ ಬಿದ್ದದ್ದು ಹೇಗೆ

ಮರುದಿನ ಬೆಳಿಗ್ಗೆ ಮಹಜರು. ಗೋಡೆಯಂತೂ ಬಿದ್ದಿತ್ತು. ಗೋಡೆ ಬಿದ್ದರೆ ಮೋಟನನ್ನು ಹಿಡಿಯುವುದೆಂದು ಮೊದಲೇ ತೀರ್ಮಾನವಾಗಿತ್ತು. ದೊಡ್ಡ ಸಾಹೇಬರು ಅತ್ತಿಗೆಯನ್ನು ಕುರ್ಚಿಯ ಮೇಲೆ ಕೂರಿಸಿ ಮೆಲ್ಲಗೆ ಹೇಳಿದರು: "ಕಾಡಾನೆ ಕೆಡವಿತು ಅಂತ ಹೇಳಮ್ಮ. ಗೋಡೆಗೆ ಪರಿಹಾರ ಬರುತ್ತೆ, ಆ ಆನೆ ಕಾಟಾನೂ ತಪ್ಪುತ್ತೆ."

ಮಳೆಗಾಲ ಎದುರಿಗಿತ್ತು. ಒಲೆ ಬಯಲಲ್ಲಿತ್ತು. ಅತ್ತಿಗೆ ಹೂಂ ಎಂದಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ.

"ಮೋಟ ಬೇಲಿಯಾಚೆ ನಿಂತಿದ್ದ ಬುದ್ಧಿ" ಎಂದರು ಅತ್ತಿಗೆ. "ನನ್ನ ಗೋಡೆ ಕೆಡವಿದ್ದು ನೀವು ಕರ್ಕೊಂಡು ಬಂದಂವ."

"ಸಾಕಿದ ಆನೆ ಕೆಡವಿದ್ರೆ ಪರಿಹಾರ ಕೊಡೋಕೆ ರೂಲ್ಸ್ ಇಲ್ಲಮ್ಮ."

"ಬ್ಯಾಡ ಬಿಡಿ. ಮಾಡ್ದೆ ಇರೋ ತಪ್ಪಿಗೆ ಅಂವನ್ನ ಕಟ್ಟಾಕಿ, ಆ ದುಡ್ಡಲ್ಲಿ ಕಟ್ಟಿದ ಗೋಡೆ ಒಳಗೆ ನಾನು ಅನ್ನ ಬೇಯ್ಸಲಾರೆ."

ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯೂ ಇರಲಿಲ್ಲ, ನೆಪ ಹೇಳಲು. ದೊಡ್ಡ ಸಾಹೇಬರು ರೇಂಜರ್ ಮುಖ ನೋಡಿದರು, ರೇಂಜರ್ ನನ್ನ ಮುಖ ನೋಡಿದರು, ನಾನು ಹುಣಸೆಮರ ನೋಡಿದೆ. ಕುಮ್ಕಿ ಕೆಡವಿತೆಂದು ಬರೆದರೆ ಅದು ಯಾಕೆ ಬೆದರಿತೆಂದು ಬರೆಯಬೇಕು. ಯಾಕೆಂದು ಬರೆದರೆ ಆ ಪೈಪಿಗೆ ಅಪ್ಪಣೆ ಕೊಟ್ಟವರು ಯಾರೆಂದು ಬರೆಯಬೇಕು. ದೊಡ್ಡ ಸಾಹೇಬರು ಗಂಟಲು ಸರಿಮಾಡಿಕೊಂಡು ತಾವೇ ಹೇಳಿ ಬರೆಸಿದರು: "ಸಂಜೆ ಬೀಸಿದ ಬಲವಾದ ಗಾಳಿಗೆ ಅಡುಗೆಮನೆಯ ಗೋಡೆ ಬಿದ್ದಿರುತ್ತದೆ. ಆ ವೇಳೆ ಊರೊಳಗೆ ಯಾವ ಆನೆಯೂ ಇರಲಿಲ್ಲ."

ಅತ್ತಿಗೆ ಎರಡು ಸಲ ಓದಿಸಿ ಕೇಳಿದರು. "ಮೋಟನ ಹೆಸರಿಲ್ವಲ್ಲ?"

"ಇಲ್ಲಮ್ಮ."

"ಅಂವನ್ನ ಹಿಡಿಯಲ್ವಲ್ಲ?"

"ಗಾಳಿಗೆ ಬಿದ್ದ ಗೋಡೆಗೆ ಆನೆ ಯಾಕಮ್ಮ ಹಿಡೀತೀವಿ?"

ಅತ್ತಿಗೆ ಸಹಿ ಹಾಕಿ, ಪೆನ್ನು ಹಿಂದಕ್ಕೆ ಕೊಟ್ಟು, ಸೆರಗು ಹೊದ್ದು ಕೈಮುಗಿದರು. "ಒಳ್ಳೇದಾಯ್ತು ಬುದ್ಧಿ. ಆ ಗಾಳೀನ ಹಿಡಿಯಕ್ಕೆ ಇನ್ನೊಂದು ಆನೆ ಕರ್ಕೊಂಡು ಬರೋ ಹಂಗಿದ್ರೆ ಮೊದ್ಲೇ ಹೇಳಿಕಳ್ಸಿ. ಉಳಿದ ಮೂರು ಗೋಡೇನೂ ನಾನೇ ಕೆಡವಿ ಇಟ್ಟಿರ್ತೀನಿ."