ಐದು ಹಿಡಿ ಉಪ್ಪು

ಹೆಂಚಿನ ಕಾರ್ಖಾನೆಯ ಊಟದ ಮನೆಯಲ್ಲಿ ಅವತ್ತು ರಾದ್ಧಾಂತವಾಗಿದ್ದು ಒಂದು ಹಾಳೆ ಕಾಗದದಿಂದ. ಅದನ್ನು ಗೋಡೆಗೆ ಅಂಟಿಸಿದವನು ಅಡುಗೆಯವನೇ. ಹಿಟ್ಟು ಕಾಯಿಸಿ ಅಂಟು ಮಾಡಿದವನೂ ಅವನೇ.

ಮ್ಯಾನೇಜರು ಎರಡು ದಿನ ಯಾವುದೋ ದೊಡ್ಡ ಸಭೆಗೆ ಹೋಗಿ ಬಂದಿದ್ದರು. ಲೋಕದ ಜನವೆಲ್ಲ ತಿನ್ನುವುದರಿಂದಲೇ ಕಾಯಿಲೆ ಬೀಳುತ್ತಿದ್ದಾರೆ, ಇಡೀ ಲೋಕದ ಊಟವನ್ನೇ ತಿದ್ದಬೇಕು ಎಂದು ಅಲ್ಲಿ ತೀರ್ಮಾನವಾಯಿತಂತೆ. ಆ ಕೆಲಸ ನಮ್ಮ ಹಂಡೆಯಿಂದಲೇ ಶುರುವಾಗಲಿ ಎಂದು ಅವರು ಬರೆಸಿದ್ದರು: ‘ನೌಕರರ ಆರೋಗ್ಯಕ್ಕಾಗಿ, ಇಂದಿನಿಂದ ಊಟದಲ್ಲಿ ಉಪ್ಪು ಮೂರನೇ ಒಂದು ಪಾಲು ಕಡಿಮೆ.’

ಓದಿ ಅಡುಗೆಯವನಿಗೆ ನಗು ಬಂತು. ನಕ್ಕು ವರ್ಷವಾಗುತ್ತ ಬಂದಿತ್ತು.

ಅವನ ಹೆಂಡತಿ ಒದ್ದೆ ಬಟ್ಟೆ ಹಿಂಡುತ್ತಿದ್ದವಳು ಹಾಗೇ ಕುಸಿದಿದ್ದಳು. ರಕ್ತದೊತ್ತಡ. “ಮನೇಲಿ ಉಪ್ಪು ಜಾಸ್ತಿ ತಿಂತಿದ್ರಾ?” ಎಂದು ಡಾಕ್ಟರು ಕೇಳಿದ್ದರು. ಇಪ್ಪತ್ತು ವರ್ಷ ಅವಳು ಉಂಡಿದ್ದು ಅವನು ಡಬ್ಬಿಯಲ್ಲಿ ಒಯ್ಯುತ್ತಿದ್ದ ಕಾರ್ಖಾನೆಯ ಊಟವನ್ನೇ. ನಿನ್ನ ಕೈರುಚಿ ಯಾರಿಗೂ ಬರಲ್ಲ ಎಂದು ಹೊಗಳಿ ಹೊಗಳಿ ಉಂಡಿದ್ದಳು. ಮೂರು ದಿನ ಆಸ್ಪತ್ರೆಯಲ್ಲಿದ್ದು, ಸೊಟ್ಟಗಾದ ಬಾಯಲ್ಲಿ ಒಂದೇ ಮಾತು ಹೇಳಿದಳು: “ನನ್ ತಮ್ಮನ್ನ ನೋಡ್ಕೋ.”

ತಮ್ಮನಿಗೂ ಅದೇ ಕಾಯಿಲೆ. ಅದೇ ಕಾರ್ಖಾನೆಯಲ್ಲಿ ಹೆಂಚು ಸುಡುವ ಭಟ್ಟಿ ಮುಂದೆ ಕೆಲಸ. ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು, ಅಂಗಿಯ ಸಮೇತ ಒಗೆಯಲು ಹಾಕುವ ಆಸಾಮಿ. ಒಂಟಿಜೀವ, ಮೂರು ಹೊತ್ತೂ ಇಲ್ಲಿಯದೇ ಊಟ.

ಅಡುಗೆಯವನು ಹಂಡೆಗೆ ಐದು ಹಿಡಿ ಉಪ್ಪು ಹಾಕುತ್ತಿದ್ದ. ಹೆಂಡತಿ ಹೋದ ಮೇಲೆ ಪ್ರತಿ ಸೋಮವಾರ ಒಂದೊಂದು ಚಿಟಿಕೆ ಕಡಿಮೆ ಮಾಡುತ್ತ ಬಂದ. ಹನ್ನೊಂದು ತಿಂಗಳಲ್ಲಿ ಐದು ಹಿಡಿ ಮೂರಕ್ಕೆ ಇಳಿಯಿತು. ಇನ್ನೂರು ನಾಲಿಗೆಗಳಲ್ಲಿ ಒಂದಕ್ಕೂ ಸುಳಿವು ಹತ್ತಲಿಲ್ಲ.

ಮ್ಯಾನೇಜರು ಕೇಳಿದ್ದಕ್ಕಿಂತ ಹೆಚ್ಚೇ ಇಳಿದಿದೆಯಲ್ಲ ಎಂದು ಅವತ್ತೂ ನಿನ್ನೆಯ ಹಾಗೆ ಮೂರೇ ಹಿಡಿ ಹಾಕಿದ.

ಮಧ್ಯಾಹ್ನ ಮೊದಲ ಸರದಿಯವರು ಬಂದರು. ಒಬ್ಬ ಕಾಗದ ಓದಿದ, ಉಳಿದವರು ಅವನ ಮುಖ ಓದಿದರು. ಮೊದಲ ತುತ್ತಿಗೇ ಇಡೀ ಸಾಲು, ಬೇವಿನ ಕಷಾಯ ಕುಡಿಸಿದ ಮಕ್ಕಳ ಹಾಗೆ ಮುಖ ಹಿಂಡಿತು.

“ಥೂ! ಹುಲ್ಲು ಬೇಯಿಸಿ ಹಾಕಿದಾನೆ!”

“ಹುಲ್ಲಾದ್ರೆ ದನಕ್ಕಾದ್ರೂ ರುಚಿ ಇರುತ್ತೆ ಕಣೋ!”

ಎಲ್ಲರಿಗಿಂತ ಜೋರಾಗಿ ತಟ್ಟೆ ಬಡಿದವನು ಬಾಮೈದ. “ಭಟ್ಟಿ ಮುಂದೆ ಬೆವರು ಸುರಿಸೋರು ನಾವು! ಮೈಯಿಂದ ಉಪ್ಪು ಇಳಿದು ಹೋಗ್ತಿದೆ, ಬಾಯಿಗೂ ಬೇಡ್ವಾ ಭಾವ?”

“ನಿನ್ನೆ ಹಾಕಿದಷ್ಟೇ ಹಾಕಿದೀನಿ ಮಾರಾಯ.”

“ಗೋಡೆ ಮೇಲೆ ಬರ್ದಿರೋದು ಸುಳ್ಳಾ ಹಂಗಾದ್ರೆ?”

ಪಾತ್ರೆ ತೊಳೆಯುವ ಅಜ್ಜಿ ತಟ್ಟೆಗಳಲ್ಲಿ ಉಳಿದದ್ದನ್ನು ನೋಡಿ, “ನಿಂಗೆ ಕಣ್ಣು ಬಿದ್ದಿದೆ ಮಗಾ” ಎಂದಳು. ಗೇಟಿನ ಕಾವಲುಗಾರ ಬಂದು ಒಲೆಯ ದಿಕ್ಕು ಸರಿಯಿಲ್ಲ ಎಂದ. ಭಟ್ಟಿಯವರು ಕೆಲಸಕ್ಕೆ ಏಳಲಿಲ್ಲ. ಮ್ಯಾನೇಜರು ಓಡಿ ಬಂದು, ಒಂದು ಚಮಚ ಬಾಯಿಗಿಟ್ಟು, ತಾವೂ ಮುಖ ಹಿಂಡಿ, ಕಾಗದವನ್ನು ಪರ್ರನೆ ಹರಿದರು. “ಇವತ್ತಿಂದ ಮೊದಲಿನ ಹಾಗೇ! ಆಯ್ತಾ? ಏಳಿ!”

ಎರಡನೇ ಸರದಿಯವರು, ಚಿಟಿಕೆ ಉಪ್ಪೂ ಸೇರಿಸದ ಅದೇ ಹಂಡೆಯದನ್ನು ಚಪ್ಪರಿಸಿ ಉಂಡರು. “ಈಗ ನೋಡು, ಊಟ ಅಂದ್ರೆ ಇದು!” ಎನ್ನುತ್ತ ಮತ್ತೆ ಬಡಿಸಿಕೊಂಡರು.

ಅಡುಗೆಯವನು ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗಿತ್ತು. ಬಾಮೈದ ಬಂದು, “ನೋಡಿದ್ಯಾ ಭಾವ, ನಾನು ಕೂಗಿದ್ದಕ್ಕೆ ಉಪ್ಪು ವಾಪಸ್ ಬಂತು” ಎಂದು ಮೀಸೆ ತಿರುವಿದ. ಇವನಿಗೆ ತಡೆಯಲಾಗಲಿಲ್ಲ. ಅವನನ್ನು ಸೌದೆ ಕೋಣೆಗೆ ಎಳೆದೊಯ್ದು ಎಲ್ಲ ಹೇಳಿಬಿಟ್ಟ. ಅದೇ ಹಂಡೆ. ಹನ್ನೊಂದು ತಿಂಗಳು. “ನಿನಗೋಸ್ಕರ ಕಣೋ. ನಿಮ್ಮಕ್ಕ ಕೈ ಹಿಡ್ಕೊಂಡು ಹೇಳಿದ್ಲು.”

ಬಾಮೈದನ ಕಣ್ಣು ತುಂಬಿತು. ಭಾವನನ್ನು ಅಪ್ಪಿಕೊಂಡ. ಆಮೇಲೆ ಕಣ್ಣೊರೆಸಿಕೊಂಡು ಅಂಗಳಕ್ಕೆ ಹೋಗಿ, ಅಭಿಮಾನ ತಡೆಯಲಾಗದೆ ಕೂಗಿ ಹೇಳಿದ: “ಕೇಳ್ರಪ್ಪೋ! ನಮ್ಮ ಭಾವ ಹನ್ನೊಂದು ತಿಂಗಳಿಂದ ಗುಟ್ಟಾಗಿ ಉಪ್ಪು ಇಳಿಸಿ ನಮ್ಮನ್ನೆಲ್ಲ ಕಾಪಾಡ್ತಿದಾನೆ!”

ಅಂಗಳದಲ್ಲಿ ಕೂತಿದ್ದವರೆಲ್ಲ ಎದ್ದು ನಿಂತರು.

“ಹನ್ನೊಂದು ತಿಂಗಳಾ? ಅದಕ್ಕೇ ನನಗೆ ಸೊಂಟ ನೋವು!”

“ನನ್ನ ಕೂದಲು ಉದುರಿದ್ದು ಈಗ ಗೊತ್ತಾಯ್ತು!”

ಭಟ್ಟಿ ಮತ್ತೆ ನಿಂತಿತು. ಮ್ಯಾನೇಜರಿಗೆ ಲೋಕದ ಆರೋಗ್ಯಕ್ಕಿಂತ ಭಟ್ಟಿ ಉರಿಯುವುದು ಮುಖ್ಯವಾಯಿತು. ಸಂಜೆಯ ಹಂಡೆಯ ಪಕ್ಕ ತಾವೇ ಬಂದು ನಿಂತರು. “ಹಾಕು. ಒಂದು... ಎರಡು... ಹಿಡಿ ತುಂಬ್ಲಿ ಕಣಯ್ಯ.” ಐದೂ ಬೀಳುವವರೆಗೆ ಕದಲಲಿಲ್ಲ.

ಅವರು ಹೋದ ಮೇಲೆ ಅಡುಗೆಯವನು ಒಂದು ಪುಟ್ಟ ಪಾತ್ರೆಯಲ್ಲಿ ಬಾಮೈದನಿಗೆಂದು ಬೇರೆ ಬೇಯಿಸಿ ಮುಚ್ಚಿಟ್ಟ. ಊರಿಗೆಲ್ಲ ಐದು ಹಿಡಿಯಾದರೂ ಅವನೊಬ್ಬನಿಗೆ ಬೇಡ. ಈಗ ಗೊತ್ತಾಗಿದೆಯಲ್ಲ, ಉಂಡಾನು.

ಬಾಮೈದ ಬಂದ. ಪುಟ್ಟ ಪಾತ್ರೆಯ ಮುಚ್ಚಳ ತೆರೆಯುವ ಮೊದಲೇ ಪಕ್ಕದವನ ತಟ್ಟೆಯಿಂದ ಒಂದು ತುತ್ತು ಬಾಯಿಗೆ ಹಾಕಿಕೊಂಡುಬಿಟ್ಟಿದ್ದ. ಅಗಿಯುತ್ತಿದ್ದವನು ನಿಲ್ಲಿಸಿದ. ಕಣ್ಣಲ್ಲಿ ಬಳಬಳ ನೀರು.

“ಭಾವ... ಅಕ್ಕ ಇದ್ದಾಗಿನ ರುಚಿ ಇದು.”

ಅಡುಗೆಯವನು ಪುಟ್ಟ ಪಾತ್ರೆಯನ್ನು ಅವನ ಮುಂದಕ್ಕೆ ಸರಿಸಿದ.

“ಅವಳು ಹೋದ ಮೇಲೆ ನನಗೆ ಊಟವೇ ಸೇರ್ತಿರ್ಲಿಲ್ಲ. ಅವಳಿಲ್ವಲ್ಲ, ಅದಕ್ಕೇ ಏನೂ ರುಚಿ ಇಲ್ಲ ಅಂದ್ಕೊಂಡಿದ್ದೆ. ಯಾರ ಹತ್ರಾನೂ ಹೇಳ್ಕೊಂಡಿರ್ಲಿಲ್ಲ.” ಅವನು ಪುಟ್ಟ ಪಾತ್ರೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಹಂಡೆಯ ಮುಂದೆ ತಟ್ಟೆ ಒಡ್ಡಿದ. “ಇದನ್ನೇ ಹಾಕು ಭಾವ. ಒಂದೇ ಒಂದು ಸೌಟು.”

ಅಡುಗೆಯವನು ಸೌಟು ಎತ್ತಿದ. ಒಂದೇ ಅಂದವನು ತಟ್ಟೆ ಹಿಂದಕ್ಕೆ ತೆಗೆಯಲೇ ಇಲ್ಲ.