ನಲವತ್ತು ಕುರ್ಚಿ, ಒಂದು ಕ್ಯಾರಿಯರ್

ಇಷ್ಟಕ್ಕೆಲ್ಲ ಕಾರಣ ಒಂದು ಲೋಟ ಚಹಾ. ಅವತ್ತು ಮೀಟರಪ್ಪ ಅದನ್ನು ತೆಪ್ಪಗೆ ಕುಡಿದು ಲೋಟ ತೊಳೆದಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮೀಟರಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯ ಹಿಂದಿನ ಕೋಣೆಯಲ್ಲಿ ಕೂತು, ಕೆಟ್ಟ ಮೀಟರುಗಳನ್ನು ಬಿಚ್ಚಿ, ಹಲ್ಲುಚಕ್ರಕ್ಕೆ ಹಿಡಿದ ಪಾಚಿ ತೊಳೆದು ಮತ್ತೆ ಜೋಡಿಸುವುದು ಅವನ ಕೆಲಸ. ಅವನ ಅಮ್ಮ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಅವಳು ಮಲಗಿದ್ದ ವಾರ್ಡಿನಲ್ಲಿ ರೋಗಿಗೆ ಮಂಚವಿತ್ತು, ಪಕ್ಕದಲ್ಲಿ ಕೂರುವವರಿಗೆ ಏನೂ ಇರಲಿಲ್ಲ. ಅವನು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಅಮ್ಮನ ಕೈ ಹಿಡಿದುಕೊಂಡಿರುತ್ತಿದ್ದ. "ಬಕೆಟ್ ಮೇಲೆ ಕೂತು ಕೂತು ನಿನ್ನ ಸೊಂಟ ಹೋಯ್ತಲ್ಲೋ ಮಗಾ" ಅಂತ ಒಂದು ದಿನ ಅಂದಳು. ಆಮೇಲೆ ಅವಳು ಆಡಿದ್ದು ಯಾವುದೂ ಅರ್ಥವಾಗಲಿಲ್ಲ.

ಹೋದ ವಾರ ಚಹಾದ ಹೊತ್ತಿನಲ್ಲಿ ಅದೆಲ್ಲ ನೆನಪಾಗಿ ಅವನ ಬಾಯಿಂದ ಮಾತು ಜಾರಿತು. "ಅಮ್ಮನ ಸೈಕಲ್ಲು ಹಾಗೇ ನಿಂತಿದೆ. ಅದನ್ನ ಸಮುದ್ರದ ಹತ್ರದ ದೀಪಸ್ತಂಭದ ತನಕ ಓಡಿಸ್ಕೊಂಡು ಹೋಗ್ಬೇಕು. ಅವಳಿಗೆ ಅದನ್ನ ನೋಡೋ ಆಸೆ ಇತ್ತು. ಆ ನೆಪದಲ್ಲಿ ನಾಲ್ಕು ಜನರನ್ನ ಕೇಳಿ ಆ ವಾರ್ಡಿಗೆ ಕುರ್ಚಿ ಹಾಕಿಸ್ಬೇಕು."

ಕೇಳಿಸಿಕೊಂಡವರು ಹೆಡ್ ಕ್ಲಾರ್ಕು. ಅವರ ಕಿವಿಗೆ ಬಿದ್ದ ಮೇಲೆ ಊರಿಗೆ ಬೇರೆ ಡಂಗುರ ಬೇಕಿಲ್ಲ. ಸಂಜೆಗೆ ಅವರೇ ಸಮಿತಿ ಮಾಡಿ ಅವರೇ ಅಧ್ಯಕ್ಷರಾದರು. ಪೀಠೋಪಕರಣದ ಅಂಗಡಿ ಸಾಹುಕಾರರನ್ನು ಹಿಡಿದು ನಲವತ್ತು ಕುರ್ಚಿಗೆ ಒಪ್ಪಿಸಿಯೂ ಬಂದರು. ಸಾಹುಕಾರರದು ಒಂದೇ ಷರತ್ತು. "ಸವಾರಿ ನಡೀಬೇಕು, ಸೈಕಲ್ ಮೇಲೆ ನನ್ನಂಗಡಿ ಬ್ಯಾನರ್ ಇರ್ಬೇಕು. ನಡೀಲಿಲ್ಲ ಅಂದ್ರೆ ಕುರ್ಚಿ ಅಂಗಡೀಲೇ ಇರುತ್ತೆ."

ತೊಡಕು ಅಂದರೆ ಒಂದೇ ಒಂದು. ಮೀಟರಪ್ಪನಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ.

ನಗಬೇಡಿ. ಅಮ್ಮ ಹೊಲಿಗೆ ಬಟ್ಟೆ ಮನೆಮನೆಗೆ ಮುಟ್ಟಿಸುತ್ತಿದ್ದದ್ದು ಆ ಸೈಕಲ್ಲಿನಲ್ಲೇ. ಇವನು ಹಿಂದೆ ಕ್ಯಾರಿಯರ್ ಮೇಲೆ. "ಹತ್ತೋ, ಗಟ್ಟಿಯಾಗಿ ಹಿಡ್ಕೋ, ಕಾಲು ಚಕ್ರಕ್ಕೆ ಕೊಡ್ಬೇಡ" ಅನ್ನುವಳು, ಬೆಲ್ಲು ಎರಡು ಸಲ ಬಾರಿಸುವಳು, ಹೊರಡುವಳು. ಮೀಸೆ ಮೂಡಿದ ಮೇಲೂ ಹಾಗೇ ನಡೆಯಿತು. ಕಲಿಸಮ್ಮಾ ಅಂದಾಗಲೆಲ್ಲ "ನಾನಿದೀನಲ್ಲ, ಯಾಕೀಗ ಅವಸರ" ಅನ್ನುತ್ತಿದ್ದಳು. ಈಗ ಅವಳಿಲ್ಲ, ಅವಸರ ಬಂದು ಕುತ್ತಿಗೆ ಹಿಡಿದಿತ್ತು. ಸದ್ದಿಲ್ಲದೆ ಆರು ತಿಂಗಳಲ್ಲಿ ಕಲಿತು ಆಮೇಲೆ ಹೋಗೋಣ ಅಂತ ಅವನ ಲೆಕ್ಕ. ಸಮಿತಿ ಆರು ದಿನವನ್ನೂ ಕೊಡಲಿಲ್ಲ. ಇವತ್ತು ಸಂಜೆ ಕಚೇರಿ ಅಂಗಳದಲ್ಲಿ ಎಲ್ಲರೆದುರು ಪರೀಕ್ಷಾ ಸವಾರಿ, ನಾಳೆ ಬೆಳಿಗ್ಗೆ ಪ್ರಯಾಣ.

"ಏನೇ ಮಾಡ್ಲಿ ನಾನು?" ಅಂತ ಬೆಳಿಗ್ಗೆ ಹೆಂಡತಿಯ ಮುಂದೆ ಗೋಳಾಡಿದ.

ಹೆಂಡತಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. "ನಿಜ ಹೇಳ್ಬಿಡಿ."

"ಹೇಳಿದ್ರೆ ಕುರ್ಚಿ ಹೋಗುತ್ತಲ್ಲೇ! ಅಮ್ಮನಿಗೆ ಅಂತ ನಾನು ಮಾಡ್ತಿರೋದು ಇದೊಂದೇ."

ಅವಳು ಅಂಗಿ ಮಡಿಸಿ ಅವನ ಕೈಗಿಟ್ಟಳು. ಅವಳೂ ಅತ್ತೆಯನ್ನು ಹಚ್ಚಿಕೊಂಡಿದ್ದವಳೇ. ಅತ್ತೆ ಸೊಸೆ ಇಬ್ಬರೂ ಬೆಳಗಾಗೆದ್ದು ತರಕಾರಿಗೆ ಅಂತ ಸೈಕಲ್ ತಳ್ಳಿಕೊಂಡು ಹೋಗಿ, ಎಷ್ಟೋ ಸಲ ತರಕಾರಿಯನ್ನೇ ಮರೆತು, ನಗುತ್ತಾ ವಾಪಸು ಬರುತ್ತಿದ್ದರು.

ಮೆಟ್ಟಿಲಿಳಿದರೆ ಮೇಲ್ಮನೆಯ ಡ್ರಿಲ್ ಮೇಷ್ಟ್ರು ಕಾದು ನಿಂತಿದ್ದರು. ನಿವೃತ್ತರಾದಾಗಿನಿಂದ ಅವರಿಗೆ ಬಗ್ಗಿಸಲು ಒಬ್ಬ ವಿದ್ಯಾರ್ಥಿಯೂ ಸಿಕ್ಕಿರಲಿಲ್ಲ. "ತೊಡೇಲಿ ಬಲ ಇಲ್ದೆ ಎಂಥಾ ಸವಾರಿ ರೀ? ಹೂಂ, ಬಸ್ಕಿ!" ಅಂದರು. ಕಚೇರಿಗೆ ಹೊರಡುವಷ್ಟರಲ್ಲಿ ಅವನ ಕಾಲು ಅವನ ಮಾತು ಕೇಳುತ್ತಿರಲಿಲ್ಲ.

ಒಂದು ಉಪಾಯ ಹೊಳೆಯಿತು. ಮೇಷ್ಟ್ರು ಅತ್ತ ತಿರುಗಿದಾಗ ಹಿಂದಿನ ಚಕ್ರದ ಗಾಳಿ ಬಿಟ್ಟ. "ಅಯ್ಯಯ್ಯೋ, ಪಂಚರ್ ಆಗಿದೆ ಮೇಷ್ಟ್ರೇ!"

"ಪಂಚರ್ರೂ ಇಲ್ಲ ಗಿಂಚರ್ರೂ ಇಲ್ಲ" ಅಂತ ಮೇಷ್ಟ್ರು ಪಂಪು ತಂದು ತಾವೇ ಕಲ್ಲಿನಂತೆ ಗಾಳಿ ತುಂಬಿದರು. "ಹತ್ತಿ."

"ಇವತ್ತು ಹತ್ತಲ್ಲ. ತಳ್ಕೊಂಡೇ ಹೋಗ್ತೀನಿ."

"ಯಾಕೆ?"

ನೆಪ ಹುಡುಕುವಷ್ಟು ಹೊತ್ತಿರಲಿಲ್ಲ. "ಅಮ್ಮಂದು" ಅಂದ, ಅಷ್ಟೇ.

ಮೇಷ್ಟ್ರ ಕಣ್ಣು ಒದ್ದೆಯಾಯಿತು. ಬೀದಿಯುದ್ದಕ್ಕೂ ಅವನು ಸೈಕಲ್ ತಳ್ಳಿಕೊಂಡು ಹೋದ, ಹಿಂದೆ ಮೇಷ್ಟ್ರು ತಲೆ ತಗ್ಗಿಸಿ ನಡೆದರು. ಕ್ಷೌರದಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಹೊರಗೆ ಬಂದು ನಿಂತ. ಕಚೇರಿ ತಲುಪುವಷ್ಟರಲ್ಲಿ ಸುದ್ದಿ ಇವನಿಗಿಂತ ಮೊದಲೇ ತಲುಪಿತ್ತು. ಟೈಪಿಸ್ಟ್ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡು, "ತಾಯಿಯ ಸೈಕಲ್ಲಿನ ಮೇಲೆ ಸುಮ್ಸುಮ್ನೆ ಕಾಲು ಹಾಕಲ್ವಂತೆ. ಇಂಥ ಮಗ ಯಾರಿಗುಂಟು" ಅಂದರು. ಮೀಟರಪ್ಪ ಮಧ್ಯಾಹ್ನವೆಲ್ಲ ಒಂದೇ ಮೀಟರನ್ನು ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದ. ಕೊನೆಗೆ ಅದು ಹಿಂದಕ್ಕೆ ತಿರುಗತೊಡಗಿತು.

ಸಂಜೆ ಅಂಗಳ ತುಂಬಿತು. ಸಾಹುಕಾರರು ಮಾದರಿಗೆಂದು ಒಂದು ಕುರ್ಚಿಯನ್ನೂ ತಂದಿದ್ದರು. ಒಳ್ಳೆಯ ಕುರ್ಚಿ, ಬೆನ್ನಿಗೆ ಆಸರೆ, ಕೈಗೆ ಆಸರೆ. ಮೀಟರಪ್ಪ ಅದರ ಬೆನ್ನನ್ನೊಮ್ಮೆ ಸವರಿದ. ಯಾರೋ ಮಗನೋ ಮಗಳೋ ಇದರ ಮೇಲೆ ಕೂತು ಅಮ್ಮನ ಕೈ ಹಿಡಿದುಕೊಳ್ಳಬಹುದು. ಆ ಒಂದು ಯೋಚನೆಯಲ್ಲೇ ಅವನು ಸೈಕಲ್ ಹತ್ತಿಬಿಟ್ಟ. ಹೆಡ್ ಕ್ಲಾರ್ಕು ಜಯಕಾರ ಹಾಕಿದರು, ಮೇಷ್ಟ್ರು ಹಿಂದಿನಿಂದ ನೂಕಿದರು.

ಸೈಕಲ್ ಹೋಯಿತು. ಇವನೂ ಸ್ವಲ್ಪ ದೂರ ಅದರ ಜೊತೆಗೇ ಹೋದ. ಹ್ಯಾಂಡಲ್ ಎಡಕ್ಕೆ, ಮೈ ಬಲಕ್ಕೆ, ಬಾಯಲ್ಲಿ "ಅಮ್ಮಾ!" ಗುಜರಿ ಮೀಟರುಗಳ ರಾಶಿ ಬಾ ಅಂತ ಕರೆದಂತಿತ್ತು, ಹೋಗಿ ಧಡಾರನೆ ಬಿದ್ದ.

ಜನ ಓಡಿ ಬಂದರು. ಮಂಡಿ ತರಚಿತ್ತು, ಕಿವಿಯಲ್ಲಿ ಒಂದು ಹಲ್ಲುಚಕ್ರ ಸಿಕ್ಕಿಕೊಂಡಿತ್ತು. ಇನ್ನು ಅವನ ಕೈಲಾಗಲಿಲ್ಲ. "ನನಗೆ ಸೈಕಲ್ ಬರಲ್ಲ. ಯಾವತ್ತೂ ಬರ್ತಿರ್ಲಿಲ್ಲ. ನಾನು ಹಿಂದೆ ಕೂರ್ತಿದ್ದವನು. ತಪ್ಪಾಯ್ತು" ಅಂದ. ಹೇಳುತ್ತಾ ಹೇಳುತ್ತಾ ಅಳುವೇ ಬಂತು.

ಸಾಹುಕಾರರು ಮೆಲ್ಲಗೆ ಮಾದರಿ ಕುರ್ಚಿಯನ್ನು ಎತ್ತಿಕೊಂಡರು.

"ಸ್ವಲ್ಪ ಅದನ್ನ ಕೆಳಗಿಡಿ" ಅಂತ ಒಂದು ದನಿ ಕೇಳಿತು. ಮೀಟರಪ್ಪನ ಹೆಂಡತಿ. ಅವಳು ಬಂದು ಬಿದ್ದ ಸೈಕಲ್ಲನ್ನು ಎತ್ತಿದಳು, ಮುಂದಿನ ಚಕ್ರವನ್ನು ಮೊಣಕಾಲುಗಳ ಮಧ್ಯೆ ಸಿಕ್ಕಿಸಿ ಸೊಟ್ಟಗಾದ ಹ್ಯಾಂಡಲನ್ನು ನೆಟ್ಟಗೆ ಮಾಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಅಂಗಳಕ್ಕೆ ಒಂದು ಸುತ್ತು, ಎರಡು ಸುತ್ತು. ತಿರುವಿನಲ್ಲಿ ಬೆಲ್ಲು ಬಾರಿಸಿದಳು, ಎರಡು ಸಲ. ಅಮ್ಮ ಬಾರಿಸುತ್ತಿದ್ದ ಹಾಗೇ. ಮೀಟರಪ್ಪ ನೆಲದ ಮೇಲೆ ಕೂತವನು ಕೂತೇ ಇದ್ದ.

"ಯಾವಾಗ ಕಲಿತೆ?"

"ತರಕಾರಿ ತರೋಕೆ ಹೋಗ್ತಿದ್ವಲ್ಲ, ಆವಾಗ. ಅತ್ತೆ ಕಲಿಸಿದ್ರು. ನಿಮಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು, ಬೇಜಾರು ಮಾಡ್ಕೋತಾನೆ ಅಂತ."

"ಅಲ್ಲಾ, ಸ್ವಂತ ಮಗನಿಗೆ ಕಲಿಸಿಲ್ಲ, ನಿನಗೆ ಕಲಿಸಿದ್ಲಾ!"

ಹೆಂಡತಿಯ ದನಿ ತಗ್ಗಿತು. "ನಾನೂ ಕೇಳ್ದೆ. 'ಅವನಿಗೆ ಕಲಿಸಿದ್ರೆ ಒಬ್ಬನೇ ಹೋಗ್ಬಿಡ್ತಾನೆ ಕಣೇ. ಹಿಂದೆ ಕೂತ್ರೆ ದಾರಿಯುದ್ದಕ್ಕೂ ನನ್ನ ಹತ್ರ ಮಾತಾಡ್ತಾ ಬರ್ತಾನೆ' ಅಂದ್ರು. ಆಮೇಲೆ, 'ನಾನು ಹೋದ ಮೇಲೆ ಅವನನ್ನ ಹಿಂದೆ ಕೂರಿಸ್ಕೊಂಡು ಹೋಗೋಕೆ ಒಬ್ರು ಬೇಕಲ್ಲ' ಅಂದ್ರು."

ಟೈಪಿಸ್ಟ್ ಮೇಡಂ ಬಿಕ್ಕಿದರು. ಮೀಟರಪ್ಪ ಮುಖ ಮುಚ್ಚಿಕೊಂಡ. ಸಾಹುಕಾರರೂ ಮೂಗು ಒರೆಸಿಕೊಂಡು ಕುರ್ಚಿ ಕೆಳಗಿಟ್ಟರು. "ಸವಾರಿ ನಡೀಲಿ. ಕುರ್ಚಿ ನಾಳೇನೇ ವಾರ್ಡಿಗೆ ಹೋಗುತ್ತೆ."

ಚಪ್ಪಾಳೆಯೋ ಚಪ್ಪಾಳೆ. ಸದ್ಯ, ಬಚಾವಾದೆ ಅಂದುಕೊಂಡ ಮೀಟರಪ್ಪ. ಕುರ್ಚಿಯೂ ಬಂತು, ಸೈಕಲ್ಲೂ ತಪ್ಪಿತು. ಕಣ್ಣೊರೆಸಿಕೊಂಡು, "ಹುಷಾರಾಗಿ ಹೋಗಿ ಬಾರೇ. ದೀಪಸ್ತಂಭ ಹೇಗಿತ್ತು ಅಂತ ಬಂದು ಹೇಳು" ಅಂದ.

"ಏನಂದ್ರಿ?" ಹೆಡ್ ಕ್ಲಾರ್ಕು ಸಮಿತಿಯ ಗತ್ತಿನಲ್ಲಿ ಮುಂದೆ ಬಂದರು. "ತಾಯಿ ನೆನಪಿನ ಸವಾರಿ, ಮಗನೇ ಇಲ್ದೆ? ಸಾಹುಕಾರ್ರೇ, ಅಂಗಡಿ ಬ್ಯಾನರ್ ಕಟ್ಟೋಕೆ ಒಂದು ಬೆನ್ನು ಬೇಕಲ್ಲ?"

"ಬೇಕೇ ಬೇಕು" ಅಂದರು ಸಾಹುಕಾರರು.

ಮರುದಿನ ಬೆಳಿಗ್ಗೆ, ನಲವತ್ತು ಕುರ್ಚಿ ತುಂಬಿದ ಲಾರಿ ಆಸ್ಪತ್ರೆಯ ಕಡೆ ತಿರುಗಿತು. ಬೆನ್ನಿಗೆ ಆಸರೆ, ಕೈಗೆ ಆಸರೆ. ಮೀಟರಪ್ಪ ಅದನ್ನೇ ನೋಡುತ್ತಾ ನಿಂತ. ಬಸ್ಕಿ ಹೊಡೆದ ತೊಡೆ, ಬಿದ್ದು ಕಂದಿದ ಸೊಂಟ, ಬೆನ್ನಿಗೆ ಪೀಠೋಪಕರಣದ ಬ್ಯಾನರು. ಮುಂದೆ ಅಮ್ಮನ ಸೈಕಲ್ಲಿನ ಕಬ್ಬಿಣದ ಕ್ಯಾರಿಯರ್. ದೀಪಸ್ತಂಭಕ್ಕೆ ಮೂರು ದಿನದ ದಾರಿ.

"ಒಂದು ದಿಂಬಾದ್ರೂ..." ಅಂದ.

"ಹತ್ರೀ" ಅಂದಳು ಹೆಂಡತಿ. "ಗಟ್ಟಿಯಾಗಿ ಹಿಡ್ಕೊಳ್ಳಿ. ಕಾಲು ಚಕ್ರಕ್ಕೆ ಕೊಡ್ಬೇಡಿ."

ಬೆಲ್ಲು ಎರಡು ಸಲ ಬಾರಿಸಿದಳು. ಮೊದಲ ಹಳ್ಳ ಬರುವ ಮೊದಲೇ ಅವನು ಅಮ್ಮನ ಸುದ್ದಿ ಮಾತಾಡಲು ಶುರುಮಾಡಿದ್ದ.